ತಾಯಿಯ ಹೆಸರಿಗೊಂದು ಗೆರೆ

“ಭಾಯಿ, ನೋ ಲೈನ್, ನೋ ಮಾಮಾ,” ಎಂದು ಆಕೆ ನನ್ನ ಕಂಪ್ಯೂಟರ್ ಪರದೆಯನ್ನು ಬೆರಳಿನಿಂದ ತಟ್ಟಿದರು. ಗಲ್ಫಿನ ಅರ್ದಿಯಾದಲ್ಲಿರುವ ನಮ್ಮ ಸ್ಟಿಕ್ಕರ್ ಅಂಗಡಿಗೆ ಮರದ ಹಲಗೆ ಹಿಡಿದು ಬಂದಿದ್ದ ತಜಿಕಿಸ್ತಾನದ ಟೈಲರ್ ಅವರು. ಹೊಲಿಗೆ ಕಲಿಸಿದ ತಾಯಿ ಗುಲ್ರೂ ಅವರ ಹೆಸರನ್ನು ತಮ್ಮ ಮಿಷನ್ನಿನ ಮೇಲೆ ತೂಗುಹಾಕುವ ಆಸೆ. ಕೊನೆಯ ಅಕ್ಷರ ಇಂಗ್ಲಿಷಿನ ವೈಯಂತೆ, ತಲೆಯ ಮೇಲೊಂದು ಅಡ್ಡಗೆರೆ. ಲಿಪಿ ರಷ್ಯನ್ನರದ್ದಾದರೂ ಈ ಗೆರೆಯ ಅಕ್ಷರ ತಜಿಕ್ ಮಾತಿಗೆಂದೇ ಮಾಡಿಕೊಂಡದ್ದಂತೆ. ನಮ್ಮ ಫಾಂಟಿನಲ್ಲಿ ಆ ಜಾಗಕ್ಕೆ ಖಾಲಿ ಚೌಕ ಬರುತ್ತಿತ್ತು.

“ಆಗೂದಿಲ್ಲ ಅಂತ ಹೇಳಿ ಖಲಾಸ್ ಮಾಡಿ ಮಾರಾಯ್ರೆ,” ಎಂದರು ಉಳ್ಳಾಲದವರಾದ ನಮ್ಮ ಮ್ಯಾನೇಜರ್.

ನನಗೇನಾಯಿತೋ, ಡ್ರಾಯರಿನ ತಳದಿಂದ ಹಳೆಯ ಬ್ರಷ್ ತೆಗೆದೆ. ಮಂಗಳೂರಿನಲ್ಲಿ ಬಸ್ಸುಗಳ ಮೇಲೆ ಹೆಸರು ಬರೆಯುತ್ತಿದ್ದವನು ನಾನು. ಇಲ್ಲಿ ಅಕ್ಷರಗಳನ್ನೆಲ್ಲ ಯಂತ್ರವೇ ಕತ್ತರಿಸುತ್ತದೆ. ಕಿರುಬೆರಳನ್ನು ಹಲಗೆಗೆ ಊರಿ, ಆಕೆ ಚೀಟಿಯಲ್ಲಿ ಬರೆದುಕೊಟ್ಟಂತೆ ಐದಕ್ಷರ ಬರೆದೆ. ಕೊನೆಗೆ ಉಸಿರು ಬಿಗಿಹಿಡಿದು ಆ ಗೆರೆ ಎಳೆದೆ. ಗೆರೆ ನೆಟ್ಟಗೆ ಬಂತು. ಬಣ್ಣ ಒಣಗುವವರೆಗೂ ಆಕೆ ಕೂರದೆ, ದುಪಟ್ಟಾದ ಸೆರಗಿನಿಂದ ಹಲಗೆಗೆ ಗಾಳಿ ಬೀಸುತ್ತ ನಿಂತಿದ್ದರು.

ಹೋಗುವಾಗ ಥ್ಯಾಂಕ್ಸ್ ಹೇಳಿದ್ದು ಆಕೆ, ಹೇಳಬೇಕಾಗಿದ್ದವನು ನಾನು. ಆ ಬ್ರಷ್ ಈಗ ಡ್ರಾಯರಿನಲ್ಲಿಲ್ಲ, ನನ್ನ ಮೇಜಿನ ಮೇಲಿದೆ.