ಎದುರಾಡಿದವನೇ ಜೊತೆಗಾರ

ಕಮಲಾಪುರದ ಹೊರಗೆ, ಕೆಂಪು ಬಾಳೆಯ ತೋಟಗಳ ನಡುವೆ ಒಂದು ಮನೆಯಿದೆ. ಕುಡಿತ, ಗಾಂಜಾ ಬಿಡಲು ಬಂದವರು, ಜೈಲಿನಿಂದ ಹೊರಬಂದವರು ಅಲ್ಲಿ ಒಟ್ಟಿಗೆ ಇರುತ್ತಾರೆ. ಕಾವಲುಗಾರರಿಲ್ಲ. ಅಡುಗೆ, ತೋಟ, ಜಗಳ, ಶಿಕ್ಷೆ ಎಲ್ಲವೂ ಅವರದೇ ಕೈಯಲ್ಲಿ. ಕಲಬುರಗಿಯ ಪತ್ರಿಕೆಯಿಂದ ವರದಿಗೆಂದು ಹೋಗಿದ್ದೆ. ಮುಂಜಾನೆಯ ಸಭೆಯಲ್ಲಿ ಚಾಪೆಯ ಮೇಲೆ ದುಂಡಗೆ ಕೂತವರು ತುಸು ಸರಿದು ನನಗೂ ಜಾಗ ಮಾಡಿಕೊಟ್ಟರು.

ಅಂದು ಬೇಡಿಕೆಯಿಟ್ಟು ಎದ್ದವನು ಕಲಬುರಗಿಯ ಸ್ಟೇಶನ್ ಬಜಾರದ ಒಬ್ಬ ಆಟೊ ಚಾಲಕ. ಕುಡಿದು ಓಡಿಸಿ ಒಬ್ಬರ ಕಾಲು ಮುರಿದು ಜೈಲು ಕಂಡವನು. ಲೈಸೆನ್ಸು ಮರಳಿ ಸಿಕ್ಕಿತ್ತು, ಮನೆಯ ಮೂರು ಗಾಲಿಯ ಟಂಟಂ ಗಾಡಿಯ ಕೀಲಿ ಸಿಕ್ಕಿರಲಿಲ್ಲ. ತೋಟದ ಬಾಳೆಯನ್ನು ವಾರವಾರ ನಗರಕ್ಕೆ ಒಯ್ಯುವ ಕೆಲಸ ಅವನಿಗೆ ಬೇಕಿತ್ತು. ಸಿಕ್ಕರೆ ಮತ್ತೆ ಚಾಲಕ. ಇಲ್ಲವಾದರೆ ಪಾತ್ರೆ ತೊಳೆಯುವ ಸರದಿ.

“ಇಂವಗ ಕೀಲಿ ಕೊಡಬ್ಯಾಡ್ರಿ,” ಎಂದರು ಎದುರಿಗಿದ್ದ ಮಾಸ್ತರು. ಕುಡಿತದಿಂದ ಶಾಲೆಯ ಕೆಲಸ ಕಳೆದುಕೊಂಡವರು ಅವರು. “ಸ್ಟೇಶನ್ ಬಜಾರ ಅಂದ್ರ ಮುಖ ಹೆಂಗ ಅರಳ್ತದ ನೋಡ್ರಿ. ಬಾಳಿಹಣ್ಣಿಗಲ್ಲ ಅದು, ಬಾಟ್ಲಿಗಿ.”

“ಮಾಸ್ತರ, ನನ್ನ ಮುಖ ಹುಟ್ಟಿದಾಗಿಂದ ಹಂಗೇ ಅದರೀ.”

ಎಲ್ಲರೂ ನಕ್ಕರು, ಮಾಸ್ತರೊಬ್ಬರ ಹೊರತು.

ಆ ಮನೆಗೆ ಒಂದು ಪದ್ಧತಿಯಿದೆ. ಯಾರಾದರೂ ಮೊದಲ ಸಲ ಊರಿಗೆ ಹೊರಟಾಗ, ಬೇಡವೆಂದು ಎಲ್ಲರಿಗಿಂತ ಗಟ್ಟಿಯಾಗಿ ಎದುರಾಡಿದವನೇ ಜೊತೆಗೆ ಹೋಗಬೇಕು. ಸಂಜೆ ಇಬ್ಬರೂ ನಡೆದದ್ದನ್ನು ಸಭೆಗೆ ಹೇಳಬೇಕು. ತನ್ನದಷ್ಟೇ ಅಲ್ಲ, ಜೊತೆಗಾರನದೂ. ಮುಚ್ಚಿಟ್ಟರೆ ಅದೂ ಕುಡಿದಷ್ಟೇ ದೊಡ್ಡ ತಪ್ಪು. ಅದನ್ನು ಕೇಳಿದ ಮೇಲೆಯೇ ಬೇಡಿಕೆಯ ತೀರ್ಮಾನ. ಮನೆಯ ಹಿರಿಯರು, ಅವರೂ ಒಂದು ಕಾಲಕ್ಕೆ ಕುಡಿತ ಬಿಡಲು ಅಲ್ಲಿಗೆ ಬಂದವರೇ, ಕೀಲಿಯನ್ನು ಮಾಸ್ತರ ಕೈಗಿಟ್ಟರು. “ಗಾಡಿ ಅಂವ ಓಡಸ್ತಾನ. ನಿಂತಾಗೆಲ್ಲ ಕೀಲಿ ನೀವು ತಗೀರಿ.”

ನಾನು ಹಿಂದೆ ಬಾಳೆಗೊನೆಗಳ ನಡುವೆ ಕೂತೆ. ಹೆದ್ದಾರಿಗೆ ಬಂದದ್ದೇ ಚಾಲಕ ಸುಮ್ಮಸುಮ್ಮನೆ ಹಾರ್ನ್ ಒತ್ತತೊಡಗಿದ.

“ಯಾರಿಗೋ ಅದು? ರಸ್ತಾ ಖಾಲಿ ಅದ,” ಎಂದರು ಮಾಸ್ತರು.

“ನನಗೇ ರೀ!”

ಅವನ ಹುಮ್ಮಸ್ಸು ನನಗೂ ತಗುಲಿತು.

ಸ್ಟೇಶನ್ ಬಜಾರದಲ್ಲಿ ಹಣ್ಣಿನ ವ್ಯಾಪಾರಿಗೆ ಗೊನೆ ಇಳಿಸಿ ಹೊರಟಾಗ, ಟಂಟಂ ಎಡಕ್ಕೆ ಹೊರಳಿ ಬೇವಿನ ಮರದ ಕೆಳಗೆ ನಿಂತುಬಿಟ್ಟಿತು. ಅವನ ಹಳೆಯ ಸ್ಟ್ಯಾಂಡು ಅದು. ಅಷ್ಟು ವರ್ಷ ಅಲ್ಲೇ ನಿಲ್ಲಿಸಿದ ಕೈ ಈಗಲೂ ಅಲ್ಲೇ ನಿಲ್ಲಿಸಿತ್ತು. ಎದುರಿಗೇ ವೈನ್ ಶಾಪು. ಪದ್ಧತಿಯಂತೆ ಮಾಸ್ತರು ಕೀಲಿ ತೆಗೆದುಕೊಂಡರು.

“ಅರೆ ಉಸ್ತಾದ್! ಜೈಲಿನಾಗೇ ಮನಿ ಕಟ್ಟಿಸಿದೇನು?” ಹಳೆಯ ಗೆಳೆಯನೊಬ್ಬ ಓಡಿಬಂದ. “ಬಾ, ಇವತ್ತಿಂದು ನನ್ನ ಲೆಕ್ಕ.”

“ಚಾ ಕುಡಸ್ತಿದ್ರ ಹೇಳು, ಬರ್ತೀನಿ. ಬ್ಯಾರೆ ಬ್ಯಾಡ ಭಾಯಿ.”

ಹೀಗೆಂದು ಪಕ್ಕಕ್ಕೆ ತಿರುಗಿದರೆ ಮಾಸ್ತರು ಇರಲಿಲ್ಲ. ವೈನ್ ಶಾಪಿನ ಕೌಂಟರಿನಲ್ಲಿ ನೋಟು ಹಿಡಿದು ಕೈ ಚಾಚಿದ್ದರು. ಇನ್ನೊಂದು ಕೈಯಲ್ಲಿ ಕೀಲಿ.

ಚಾಲಕ ಗಟಾರ ಜಿಗಿದು ಓಡಿದ. “ಮಾಸ್ತರ! ಕೀಲಿ ನಿಮ್ಮ ಕೈಯಾಗ ಅದರೀ! ನೀವು ಬರ್ಲಿಲ್ಲಂದ್ರ ನಾ ಹೆಂಗ ಹೋಗಲಿ?”

ಅಂಗಡಿಯವನು ಬಾಟಲಿ ಮುಂದಿಟ್ಟಾಗಿತ್ತು. ಮಾಸ್ತರು ಅದನ್ನೂ ಕೀಲಿಯನ್ನೂ ನೋಡಿದರು. ಆಮೇಲೆ ಕೈ ಹಿಂದಕ್ಕೆಳೆದುಕೊಂಡರು.

ಮರಳುವ ದಾರಿಯಲ್ಲಿ ಹಾರ್ನ್ ಕೇಳಲಿಲ್ಲ. ಕಮಲಾಪುರ ಹತ್ತಿರವಾದಾಗ ಮಾಸ್ತರು ತಗ್ಗಿದ ದನಿಯಲ್ಲಿ, “ಹೇಳಬ್ಯಾಡೋ ತಮ್ಮಾ. ಕುಡ್ದಿಲ್ಲಲ್ಲ ನಾನು? ಕೀಲಿ ನಿನಗ ಕೊಡ್ರಿ ಅಂತ ನಾನೇ ಹೇಳ್ತೀನಿ” ಎಂದರು.

ಚಾಲಕ ಗೇರ್ ಬದಲಿಸಿ ಗಾಡಿಯನ್ನು ತೋಟದ ದಾರಿಗೆ ಹೊರಳಿಸಿದ. ಅವನು ಬಯಸಿದ್ದು ಬಾಯಿಮುಚ್ಚಿಕೊಂಡರೆ ಸಿಗುವಷ್ಟು ಹತ್ತಿರದಲ್ಲಿತ್ತು. ಸಭೆಯಲ್ಲಿ ಅತಿಥಿಯನ್ನು ಯಾರೂ ಸಾಕ್ಷಿ ಕೇಳುವುದಿಲ್ಲ.

ಸಂಜೆ ಮತ್ತೆ ಚಾಪೆ ಹಾಸಿದರು. ಚಾಲಕ ಎದ್ದು ನಿಂತ.

“ಮೊದಲನೇ ತಪ್ಪು ನಂದೇ ರೀ. ಗಾಡಿ ವೈನ್ ಶಾಪಿನ ಮುಂದ ನಿಲ್ಲಿಸ್ದೆ. ಕೈ ಹಳೀ ಜಾಗಕ್ಕ ಹೋತು.” ಮಾಸ್ತರ ಕಡೆ ನೋಡಿದ. “ಅಲ್ಲಿ ಮಾಸ್ತರು ಇಳಿದು ಕೌಂಟರಿಗಿ ಹೋದ್ರು. ಕುಡೀಲಿಲ್ಲ. ಆದ್ರ ಹೋದ್ರು.”

ಹಿರಿಯರು ಮಾಸ್ತರತ್ತ ತಿರುಗಿದರು.

“ಖರೇ ಅದ,” ಎಂದರು ಮಾಸ್ತರು. “ಹೇಳಬ್ಯಾಡ ಅಂತನೂ ಅಂದಿದ್ದೆ. ಅದನ್ನ ಹೇಳೋದು ಬಿಟ್ಟಾನ ನೋಡ್ರಿ.”

“ಇಂವಗ ಕೀಲಿ ಕೊಡೋಣ ಅನ್ನೋರು ಕೈ ಎತ್ತರಿ,” ಎಂದರು ಹಿರಿಯರು.

ಮೊದಲು ಎದ್ದದ್ದು ಮಾಸ್ತರ ಕೈ. ಅದರಲ್ಲೇ ಕೀಲಿಯಿತ್ತು. ಆಮೇಲೆ ಸುತ್ತಲೂ ಕೈಗಳೆದ್ದವು. ಮರೆತು ನಾನೂ ಎತ್ತಿಬಿಟ್ಟೆ, ಯಾರೋ ಕಿಸಕ್ಕನೆ ನಕ್ಕರು. ಬೇವಿನ ಮರದ ದಾರಿ ಬಿಟ್ಟು ಹೋಗಬೇಕೆಂಬ ಷರತ್ತಿನ ಮೇಲೆ ಕೆಲಸ ಚಾಲಕನದಾಯಿತು. ಪಾತ್ರೆ ತೊಳೆಯುವ ಸರದಿ ಮಾಸ್ತರದು. ಮತ್ತೆ ಊರಿಗೆ ಯಾವಾಗ ಎಂಬುದನ್ನು ಸಭೆ ಆಮೇಲೆ ನೋಡುತ್ತದೆ.

ಚಾಲಕ ಇನ್ನೂ ಕೂತಿರಲಿಲ್ಲ. “ಒಂದು ಮಾತು ರೀ. ಮಾಸ್ತರು ಊರಿಗಿ ಹೋಗೋ ದಿನ ಜೊತಿಗಿ ಹೋಗಾಂವ ನಾನೇ. ಇವತ್ತು ಅವರಿಗಿ ಎಲ್ಲಾರಕಿಂತ ಗಟ್ಟಿ ಎದುರಾಡ್ದಾಂವ ನಾನೇ ಅಲ್ಲೇನ್ರಿ?”

ಮಾಸ್ತರು ಅಂದು ಮೊದಲ ಸಲ ನಕ್ಕರು. ಕೀಲಿಯನ್ನು ಅವನತ್ತ ಎಸೆದು, ಪಾತ್ರೆಗಳಿದ್ದ ಹಿತ್ತಲಿಗೆ ನಡೆದರು.