ಅಕ್ಕನ ಸೈಡ್‌ಕಾರು, ಅರ್ಧ ಚೀಲ ಜೋಳ

ಆ ವರ್ಷ ಸುಗ್ಗಿ ಹಬ್ಬಕ್ಕೆ ಅಕ್ಕನನ್ನು ಬೀದರಿನ ಚರ್ಚಿಗೆ ಕರೆದುಕೊಂಡು ಹೋಗಿಯೇ ತೀರುತ್ತೇನೆ ಎಂದು ನಾನು ಹಟ ಹಿಡಿದಾಗ ಮನೆಯವರೆಲ್ಲ ಹೇಳಿದ್ದು ಒಂದೇ ಮಾತು: ಆಗೋದಿಲ್ಲ. ಈ ಮಾತು ಕೇಳಿದರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ಭಾಲ್ಕಿಯ ಸಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದವನು ನಾನು. ಲೆಕ್ಕ ಆಗೋದಿಲ್ಲ ಎಂದವರ ಕೈಗೆ ಸೀಮೆಸುಣ್ಣ ಕೊಟ್ಟು ಬೋರ್ಡಿನ ಮುಂದೆ ನಿಲ್ಲಿಸಿಯೇ ಅಭ್ಯಾಸ.

ಅಕ್ಕ ಔರಾದದಲ್ಲಿ ಮಗಳ ಜೊತೆ ಇದ್ದಾಳೆ. ನರ್ಸಾಗಿ ದುಡಿದವಳು, ತಾಲೂಕಿನ ಅರ್ಧ ಮಂದಿಯನ್ನು ಹುಟ್ಟಿದಾಗಲೇ ಕೈಯಲ್ಲಿ ಹಿಡಿದಿದ್ದೇನೆ ಎಂದು ಹೇಳಿಕೊಳ್ಳುವವಳು. ಅದಕ್ಕೆ ಎರಡು ವರ್ಷ ಮೊದಲು ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿಯಿತು. ಒಳಗೆ ರಾಡು ಹಾಕಿದರು. ಆ ಕಾಲು ಇವತ್ತಿಗೂ ಮಡಚುವುದಿಲ್ಲ. ಬಸ್ಸಿನ ಮೆಟ್ಟಿಲು ಹತ್ತಲಾಗದು, ಆಟೊದಲ್ಲಿ ಕಾಲು ಚಾಚಲು ಜಾಗವಿಲ್ಲ. ಇನ್ನು ಕಾರು ಎಂದರೆ, ಬಾಗಿಲು ಹಾಕಿದ ಕೂಡಲೇ ಅವಳಿಗೆ ವಾಂತಿ. ಅದು ಚಿಕ್ಕಂದಿನಿಂದಲೂ ಇರುವ ಕಾಟ.

ಸುಗ್ಗಿ ಹಬ್ಬದ ದಿನ ನಮ್ಮವರು ಹೊಲದಲ್ಲಿ ಬೆಳೆದದ್ದನ್ನು ತಂದು ಚರ್ಚಿನಲ್ಲಿ ಕಾಣಿಕೆಯಾಗಿ ಇಡುತ್ತಾರೆ. ಜೋಳ, ತೊಗರಿ, ಕುಂಬಳಕಾಯಿ, ಕೋಳಿ, ಯಾರಿಗೆ ಏನಿದೆಯೋ ಅದು. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಅವನ್ನೆಲ್ಲ ಹರಾಜು ಹಾಕುತ್ತಾರೆ. ಅವ್ವ ಹೋದಾಗಿನಿಂದ ನಮ್ಮ ಮನೆತನದ ಕಾಣಿಕೆಯನ್ನು ಅಕ್ಕ ತನ್ನ ಕೈಯಾರೆ ಇಡುತ್ತಿದ್ದಳು. ಬಿದ್ದ ಮೇಲೆ ಎರಡು ಸಲ ಬೇರೆಯವರ ಕೈಯಲ್ಲಿ ಕಳಿಸಿದಳು. ಮೂರನೇ ವರ್ಷ ಅದರ ಮಾತೆತ್ತಿದಾಗ ಗೋಡೆಯ ಕಡೆ ಮುಖ ಮಾಡಿ ಹೇಳಿದಳು:

"ಈ ಸಲನೂ ಹೋಗ್ಲಿಲ್ಲಂದ್ರ, ಇನ್ನ ನಾ ಚರ್ಚಿಗಿ ಹೋಗೋದು ಪೆಟ್ಟಿಗ್ಯಾಗೇ ನೋಡು ತಮ್ಮಾ."

ನನಗೆ ಸಿಟ್ಟು ಬಂತು. ಮರುದಿನವೇ ನನ್ನ ಹಳೆಯ ಮೋಟರ್ ಸೈಕಲ್ ತಳ್ಳಿಕೊಂಡು ಭಾಲ್ಕಿಯ ವೆಲ್ಡರನ ಅಂಗಡಿಗೆ ಹೋದೆ.

ಅವನು ಕಬ್ಬಿನ ಟ್ರಾಲಿ ಕಟ್ಟುವವನು. ಮೋಟರ್ ಸೈಕಲ್ಲಿನ ಪಕ್ಕಕ್ಕೆ ಜೋಡಿಸುವ ಒಂಟಿ ಗಾಲಿಯ ಸೈಡ್‌ಕಾರನ್ನು ಅವನೂ ಕಟ್ಟಿರಲಿಲ್ಲ, ನಾನೂ ಕಂಡಿರಲಿಲ್ಲ. ಮೊಬೈಲಿನಲ್ಲಿ ಯಾವುದೋ ದೇಶದ ವಿಡಿಯೊ ನೋಡಿದೆವು. "ಇಷ್ಟೇ ಏನ್ರಿ ಸರ್, ಹೋ ಜಾತಾ," ಅಂದ. ಹೌದು, ಆಗಿಯೇ ಹೋಗುತ್ತದೆ ಎಂದು ನಾನೂ ಅಂದೆ. ವಿಡಿಯೊದಲ್ಲಿದ್ದಂತೆಯೇ ಅದನ್ನು ಬಲಕ್ಕೆ ಜೋಡಿಸಿ, ಇಬ್ಬರೂ ಹಿಂದೆ ಸರಿದು ನಿಂತು ಮೆಚ್ಚಿಕೊಂಡೆವು. ಆ ದೇಶದಲ್ಲಿ ಗಾಡಿಗಳು ರಸ್ತೆಯ ಬಲಬದಿಗೆ ಓಡುತ್ತವೆ ಎನ್ನುವುದು ಇಬ್ಬರ ತಲೆಗೂ ಹೊಳೆದಿರಲಿಲ್ಲ. ಚಹಾ ತಂದವನು ಅದನ್ನು ನೋಡಿ, "ಎದುರಿಗಿ ಲಾರಿ ಬಂದ್ರ ಮೊದಲು ಅಕ್ಕೋರಿಗೇ ಬಡೀತದಲ್ರಿ," ಎಂದ ಮೇಲೆ ಎಲ್ಲ ಬಿಚ್ಚಿದೆವು. ತಪ್ಪು ಯಾರದೆಂದು ಜಗಳವೂ ಆಯಿತು.

ಕಡಿಮೆ ಖರ್ಚಿನಲ್ಲಿ ಮುಗಿಸಬೇಕಿತ್ತು. ಬೀದರಿನ ಗುಜರಿಯಿಂದ ಹಳೆ ಸ್ಕೂಟರಿನ ಗಾಲಿ, ಮುರಿದ ಜೀಪಿನ ಸೀಟು ತಂದಿದ್ದೆ. ಚೌಕ ಪೈಪಿನ ಚೌಕಟ್ಟು, ಅದರ ಸುತ್ತ ನಮ್ಮ ಮನೆಯ ಕೆಟ್ಟ ಕೂಲರಿನ ತಗಡು. ಕಾಲು ಚಾಚಲೆಂದು ಮುಂದೆ ಉದ್ದಕ್ಕೆ ಹಲಗೆ. ಹಳೆಯ ಗಾಡಿಯ ಮೈಗೆ ವೆಲ್ಡಿಂಗ್ ಬೆಂಕಿ ತಾಗಿಸಬೇಡ ಎಂದು ಕಾವಲು ನಿಂತು, ದಪ್ಪ ಪಟ್ಟಿ, ಬೋಲ್ಟು ಹಾಕಿ ಈ ಸಲ ಎಡಬದಿಗೆ ನಾಲ್ಕು ಕಡೆ ಬಿಗಿಸಿದೆವು. ಆರ್‌ಟಿಒ ಕಚೇರಿಯ ಒಪ್ಪಿಗೆಗೆ ಅಲೆದದ್ದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಮತ್ತೆ ಸಿಟ್ಟು ಬರುತ್ತದೆ.

ಜೋಡಿಸಿದ ಮೇಲೆ ಗಾಡಿ ಎಡಕ್ಕೆ ಎಳೆಯತೊಡಗಿತು, ಹಟಮಾರಿ ಎತ್ತು ಎಳೆದಂತೆ. ಒಳಗೆ ಭಾರ ಇಟ್ಟುಕೊಂಡೇ ನೇರ ಮಾಡಬೇಕು ಎಂದು ತಿಳಿಯಿತು. ಅಕ್ಕನಿಗೆ ಫೋನ್ ಮಾಡಿ ತೂಕ ಕೇಳಿದೆ. "ಅರವತ್ತರ ಮ್ಯಾಲ ಎರಡು. ನರ್ಸಿಗೇ ತೂಕ ಕೇಳ್ತೀ?" ಎಂದಳು. ನಮ್ಮ ಹೊಲದ ಜೋಳವನ್ನು ಅಷ್ಟೇ ತೂಗಿ, ಚೀಲ ತುಂಬಿ ಸೀಟಿನ ಮೇಲೆ ಕೂರಿಸಿದೆವು. ಒಂದೊಂದೇ ಬೋಲ್ಟು ಸಡಿಲಿಸಿ, ಬಿಗಿಸಿ, ಓಡಿಸಿ ನೋಡಿ, ಮತ್ತೆ ಸಡಿಲಿಸಿ, ಕೊನೆಗೆ ಖಟಕ ಚಿಂಚೋಳಿಯ ದಾರಿಯಲ್ಲಿ ಅದು ದಾರ ಹಿಡಿದಂತೆ ನೆಟ್ಟಗೆ ಓಡಿತು. ನಾನು ಹೆಲ್ಮೆಟ್ಟಿನೊಳಗೇ ಕೂಗಿಬಿಟ್ಟೆ.

ಹಬ್ಬದ ಹಿಂದಿನ ದಿನ ಔರಾದಕ್ಕೆ ಹೋದೆ. ಚೀಲ ಇಳಿಸಿ ಅಕ್ಕನನ್ನು ಕೂರಿಸಿದೆವು. ಕಾಲು ಚಾಚಿದಳು, ಸೆರಗು ಬಿಗಿದುಕೊಂಡಳು, ಮಗಳಿಗೆ "ಸರಿ ನೀ" ಎಂದಳು. ಓಣಿ ದಾಟಿ ಎಡಕ್ಕೆ ಹೊರಳಿಸಿದೆ, ಅಷ್ಟೇ. ಅವಳ ಕಡೆಯ ಗಾಲಿ ನೆಲ ಬಿಟ್ಟು ಎದ್ದಿತು. ಅಕ್ಕ ಚೀರಿದಳು. ನಾನು ಬ್ರೇಕು ಹಿಡಿದು ನಿಲ್ಲಿಸಿದೆ.

ವೆಲ್ಡರನಿಗೆ ಫೋನ್ ಮಾಡಿ ಬಾಯಿಗೆ ಬಂದದ್ದು ಬೈದೆ. ಅವನೂ ಬಿಡಲಿಲ್ಲ. "ಚೀಲ ಇಟ್ಟಾಗ ಏಳಲಿಲ್ರಿ. ಅಕ್ಕೋರು ಕುಂತ್ರ ಯಾಕ ಏಳ್ತದ? ಅವರಿಗಿ ಒಂದ್ಸಲ ಕಾಟಾದ ಮ್ಯಾಲ ಕೂಡಸ್ರಿ ಸರ್!"

ಹತ್ತಿರದಲ್ಲೇ ರೈತರಿಂದ ಕಾಳು ಕೊಳ್ಳುವ ಅಡತಿ ಅಂಗಡಿ ಇತ್ತು. ತೊಗರಿ ಚೀಲ ತೂಗುವ ಕಾಟಾದ ಮೇಲೆ ಕುರ್ಚಿ ಇಟ್ಟು ಅಕ್ಕನನ್ನು ಕೂರಿಸಿ, ಕುರ್ಚಿಯ ತೂಕ ಕಳೆದೆವು. ನಲವತ್ತಕ್ಕೂ ತುಸು ಕಡಿಮೆ. ನಾನು ಮತ್ತೊಮ್ಮೆ ತೂಗಿಸಿದೆ. ಅಷ್ಟೇ ಬಂತು. ನಾನು ಅವಳ ಮುಖ ನೋಡುತ್ತಿದ್ದೆನೇ ಹೊರತು ಸೀರೆಯೊಳಗಿನ ಮೈ ಎಷ್ಟು ಇಳಿದಿದೆ ಎಂದು ನನಗೆ ಹೇಗೆ ತಿಳಿಯಬೇಕು?

"ಊಟ ಮಾಡ್ತಿಲ್ಲೇನು ನೀ?" ಎಂದು ಅಂಗಡಿಯವರ ಮುಂದೆಯೇ ಗದರಿದೆ.

"ಮಾಡ್ತೇನಿ. ಒಂದು ರೊಟ್ಟಿ ಸಾಕು ನನಗ." ಮಗಳಿದ್ದ ಕಡೆ ನೋಡಿ ದನಿ ತಗ್ಗಿಸಿದಳು. "ದಿನಾ ಅಕಿ ಎತ್ತಬೇಕಲ್ಲೋ, ಹಾಸಗಿಯಿಂದ, ಬಚ್ಚಲದಿಂದ. ಅಕಿ ಸಣ್ಣಕಿ. ನಾ ಎಷ್ಟು ಹಗುರ ಆದ್ರ ಅಷ್ಟು ಚಲೋ ಅಂತ..."

ಮಗಳ ಸೊಂಟನೋವು ನೋಡಿ ಅಕ್ಕ ರೊಟ್ಟಿ ಬಿಟ್ಟಿದ್ದಳು. ಎರಡು ವರ್ಷ, ಯಾರಿಗೂ ಹೇಳದೆ. ನನಗೆ ಅಳು ಬಂತು, ಅದನ್ನು ಮುಚ್ಚಿಕೊಳ್ಳಲು ಮತ್ತಷ್ಟು ಗದರಿದೆ. ಆಮೇಲೆ ಚೀಲದ ಜೋಳ ಸುರಿದು ಕಮ್ಮಿ ಬಿದ್ದಷ್ಟನ್ನು ತೂಗಿಸಿದೆ. ಸುಮಾರು ಅರ್ಧ ಚೀಲ. ಅದನ್ನು ಬಾಯಿ ಕಟ್ಟಿ ಸೀಟಿನ ಹಿಂದೆ ಇಟ್ಟೆ. ಗಾಲಿ ಮತ್ತೆ ಏಳಲಿಲ್ಲ.

ಭಾನುವಾರ ನಸುಕಿಗೇ ಹೊರಟೆವು. ಮಗಳು ಬಸ್ಸಿನಲ್ಲಿ ಮುಂದೆ ಹೋದಳು. ದಾರಿಯುದ್ದಕ್ಕೂ ಅಕ್ಕನ ಮುಖಕ್ಕೆ ಗಾಳಿ, ಕಾಲು ಚಾಚಿದ ಸುಖ. ಎರಡು ವರ್ಷ ಹಾಡದ ಹಾಡುಗಳನ್ನು ಇಂಜಿನ್ನಿನ ಸದ್ದಿಗಿಂತ ಜೋರಾಗಿ ಹಾಡಿದಳು. ಬೀದರಿನಲ್ಲಿ ಚರ್ಚಿನ ಅಂಗಳಕ್ಕೆ ಗಾಡಿ ಹೊಕ್ಕಾಗ ಮಂದಿ ಎಲ್ಲ ಬಿಟ್ಟು ಓಡಿ ಬಂದರು. ಅವಳು ವಾಕರ್ ಹಿಡಿದು, ಕಾಣಿಕೆಯ ಒಂದು ಸೇರು ಜೋಳದ ಗಂಟನ್ನು ಸೆರಗಿಗೆ ಕಟ್ಟಿಕೊಂಡು, ಯಾರ ಕೈಯನ್ನೂ ಹಿಡಿಯದೆ ಒಳಗೆ ನಡೆದಳು. ಅರ್ಧ ದಾರಿಯಲ್ಲಿ ತಿರುಗಿ ನನಗೆ ಹೇಳಿದಳು, "ಆ ಚೀಲನೂ ತಾ. ದೇವರ ಮನಿಗಿ ಬಂದ ಜೋಳ ತಿರುಗಿ ಒಯ್ಯಬಾರದು."

ಆ ಖುಷಿಯಲ್ಲಿ ನಾನೂ ಹಿಂದುಮುಂದು ನೋಡದೆ ಚೀಲ ಹೊತ್ತು ತಂದೆ. ಅಕ್ಕ ತನ್ನ ಕೈಯಾರೆ ಗಂಟು ಬಿಚ್ಚಿ ಜೋಳ ಇಟ್ಟಳು, ಚೀಲದ ಮೇಲೂ ಕೈ ಇಟ್ಟಳು. ನನ್ನ ಕೆಲಸ ಮುಗಿಯಿತು ಎಂದುಕೊಂಡೆ.

ಹರಾಜು ಕೂಗುವವನು ಆ ಚೀಲವನ್ನು ಎತ್ತಿ ತೋರಿಸಿದಾಗ ನೆನಪಾಯಿತು, ಅದಿಲ್ಲದೆ ಗಾಡಿ ಮರಳಿ ಔರಾದಕ್ಕೆ ಹೋಗುವುದಿಲ್ಲ! ನಾನು ಎದ್ದು ನಿಂತು ಬೆಲೆ ಕೂಗಿದೆ. ಹಿರಿಯರೊಬ್ಬರು ಮೇಲೆ ಕೂಗಿದರು. ನಾನು ಮತ್ತೂ ಮೇಲೆ. ನಮ್ಮದೇ ಹೊಲದ ಜೋಳಕ್ಕೆ ನಾನು ಹೀಗೆ ಬಡಿದಾಡುವುದನ್ನು ಕಂಡು ಅಂಗಳವೆಲ್ಲ ನಕ್ಕಿತು. ಗಾಡಿಗೆ ಭಾರ ಬೇಕೆಂದು ಹೇಳಿದೆ. "ಕಲ್ಲು ಇಟ್ಕೊಂಡು ಹೋಗ್ರಿ ಮಾಸ್ತರ," ಎಂದು ಯಾರೋ ಅಂದರು. "ಕಲ್ಲಿನ ಜೋಡಿ ನಾ ಕೂಡಂಗಿಲ್ಲ," ಎಂದು ಅಕ್ಕ ಕುರ್ಚಿಯಿಂದಲೇ ಗುಡುಗಿದಳು. ಹಿರಿಯರು ಕೈಚೆಲ್ಲಿದರು. ಪೇಟೆಯಲ್ಲಿ ಎರಡು ತುಂಬು ಚೀಲ ಬರುವ ಬೆಲೆಗೆ ನನ್ನ ಅರ್ಧ ಚೀಲ ನನಗೆ ಬಂತು.

ಅದನ್ನು ಹೊತ್ತು ತಂದು ಸೀಟಿನ ಹಿಂದೆ ಇಡುವಾಗ ಅಕ್ಕ ನೋಡುತ್ತ ನಿಂತಿದ್ದಳು. ಕೂರಿಸಿದ ಮೇಲೆ ಕೈ ಹಿಂದಕ್ಕೆ ಚಾಚಿ ಚೀಲವನ್ನು ಒಮ್ಮೆ ಅದುಮಿ ನೋಡಿದಳು.

"ಬರೋ ಸುಗ್ಗಿಗಿ ಇದು ಬ್ಯಾಡ ತಮ್ಮಾ," ಎಂದಳು. "ಇಷ್ಟು ತೂಕ ನಾನೇ ತುಂಬ್ತೇನಿ."

ಆ ಸಂಜೆ ಔರಾದದ ಮನೆಯಲ್ಲಿ ಮಗಳು ಚೀಲ ಬಿಚ್ಚಿ, ಅದರದೇ ಹಿಟ್ಟು ಬೀಸಿಸಿಕೊಂಡು ಬಂದು ರೊಟ್ಟಿ ಬಡಿದಳು. ಅಕ್ಕ ಒಂದು ತಿಂದಳು. ಆಮೇಲೆ ತಟ್ಟೆ ಮುಂದೆ ಮಾಡಿ ಇನ್ನೊಂದು ಕೇಳಿದಳು.