ಕಿವಿಗೆ ಹಿಡಿದ ಕಾಯಿ

ವಾದದಲ್ಲಿ ಗೆದ್ದ ಮೇಲೆ ಊಟ ಗಂಟಲಲ್ಲಿ ಇಳಿಯದೆ ಹೋದದ್ದು ನನಗೆ ಒಂದೇ ಸಲ, ಅದೂ ಗುಬ್ಬಿಯಲ್ಲಿ.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬಂದ ಫಲಕಗಳಿಂದ ನಮ್ಮಮ್ಮನ ಷೋಕೇಸು ತುಂಬಿದೆ. ಅವುಗಳ ಜೊತೆಗೆ ಒಂದು ಚಟವೂ ಮನೆಗೆ ಬಂತು. ಯಾರಾದರೂ ‘ಅದು ಹಂಗೇ’ ಅಂದರೆ ‘ಹೆಂಗೆ?’ ಅಂತ ಕೇಳದೆ ಇರಲಾರೆ. ದೇವರ ವಿಷಯದಲ್ಲಿ ಇದು ನಡೆಯುತ್ತದೆ, ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ. ಮನುಷ್ಯರ ವಿಷಯದಲ್ಲಿ ಕಷ್ಟ.

ದೀಪಾವಳಿ ಮುಗಿದ ವಾರ ಗೆಳೆಯ ಮಂಜನೂ ನಾನೂ ಕಾರಿನಲ್ಲಿ ಅರಸೀಕೆರೆ ಕಡೆ ಹೊರಟಿದ್ದೆವು. ಹೈವೇ ಪಕ್ಕ ಉಣ್ಣುವವನು ಊರನ್ನು ನೋಡಲಾರ ಎಂಬುದು ಮಂಜನ ಸಿದ್ಧಾಂತ. ಹಾಗಾಗಿ ಗುಬ್ಬಿಯಲ್ಲಿ ಕಾರನ್ನು ಒಳಗೆ ತಿರುಗಿಸಿದ. ನಾವು ಊರು ನೋಡುವ ಮೊದಲೇ ನಮ್ಮ ಟೈರು ಒಂದು ಮೊಳೆ ನೋಡಿತು. ಪಂಕ್ಚರ್ ಅಂಗಡಿಯವನು ಊಟಕ್ಕೆ ಹೋಗಿದ್ದ. ಪಕ್ಕದ ಮನೆಯ ಸುಧಕ್ಕ, ಬರ್ತಾನೆ ಕೂತ್ಕಳಿ ಎಂದು ಜಗಲಿ ತೋರಿಸಿದರು. ನಮಗೂ ಅವಸರವಿರಲಿಲ್ಲ.

ಜಗಲಿಯ ಮೇಲೆ ಅವರ ಅತ್ತೆ ನಂಜಮ್ಮಜ್ಜಿ ತೆಂಗಿನಕಾಯಿ ರಾಶಿಯ ನಡುವೆ ಕೂತಿದ್ದರು. ಈ ಕಡೆ ಕೊಬ್ಬರಿ ಮಾಡುವವರಿಗೆ ಕಾಯುವುದೇ ಕಸುಬು. ಸಿಪ್ಪೆ ಸಮೇತ ಕಾಯನ್ನು ಅಟ್ಟಕ್ಕೆ ಹಾಕಿ ವರ್ಷದಷ್ಟು ಕಾಲ ಮರೆತುಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಒಣಗಿ, ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಆಗ ಅಲ್ಲಾಡಿಸಿದರೆ ಲೊಟಲೊಟ ಎನ್ನುತ್ತದೆ. ಅದಕ್ಕೆ ಮುಂಚೆ ಒಡೆದರೆ ಅತ್ತ ಕಾಯಿಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ. ಅಜ್ಜಿ ಒಂದೊಂದನ್ನೂ ಎರಡು ಕೈಯಲ್ಲಿ ಎತ್ತಿ, ಕಿವಿಯ ಪಕ್ಕ ಅಲ್ಲಾಡಿಸಿ ಇಡುತ್ತಿದ್ದರು. ಎಡಕ್ಕಿಟ್ಟದ್ದು ಒಡೆಯುವುದಕ್ಕೆ, ಬಲಕ್ಕಿಟ್ಟದ್ದು ಮತ್ತೆ ಅಟ್ಟಕ್ಕೆ.

ತಾನು ಈ ಮನೆಗೆ ಬಂದಾಗಿನಿಂದ ಅತ್ತೆ ಇಟ್ಟ ಕಾಯಿ ಒಂದೂ ತಪ್ಪಿಲ್ಲ, ಈ ಕೆಲಸಕ್ಕೆ ಬೇರೆ ಯಾರೂ ಕೈ ಹಾಕೋ ಹಾಗಿಲ್ಲ ಎಂದರು ಸುಧಕ್ಕ. ಕರೆದರೆ ಓಗೊಡುವುದಿಲ್ಲ ಅನ್ನೋದೊಂದು ಬಿಟ್ಟರೆ ಅತ್ತೆ ಬಂಗಾರ ಎಂದೂ ಸೇರಿಸಿದರು.

ಒಂದೂ ತಪ್ಪಿಲ್ಲ ಎಂಬ ಮಾತು ಕೇಳಿದರೆ ನನ್ನ ನಾಲಗೆ ತುರಿಸುತ್ತದೆ. ತಪ್ಪದವರೆಂದರೆ ಪರೀಕ್ಷೆಗೆ ಕೂರದವರು ಎಂಬುದು ವೇದಿಕೆಯಲ್ಲಿ ನನ್ನ ಹಳೆಯ ಸಾಲು. ಒಂದು ಪರೀಕ್ಷೆ ಮಾಡೋಣವೇ ಅಜ್ಜಿ ಎಂದೆ. ಅಜ್ಜಿ ನನ್ನ ತುಟಿಯನ್ನೇ ನೋಡಿದರು.

“ಪರೀಕ್ಷೆ ಯಾಕ್ಲಾ ಮಗ, ಒಡೆದ್ರೆ ಗೊತ್ತಾಯ್ತದೆ ಬುಡು.”

ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲವೆಂದು ಈಗ ಅನ್ನಿಸುತ್ತದೆ. ಆಗ ನಾನು ಬಿಡಲಿಲ್ಲ. ಎಡದಿಂದ ಮೂರು, ಬಲದಿಂದ ಮೂರು ಕಾಯಿ ಆರಿಸಿದೆ. ಅಜ್ಜಿ ಕಣ್ಣು ಮುಚ್ಚಿರಬೇಕು. ಕಾಯಿ ಮುಟ್ಟಬಾರದು, ತೂಕ ನೋಡಿ ಊಹಿಸಿಬಿಡಬಹುದಲ್ಲ. ನಾನೇ ಕಿವಿಯ ಹತ್ತಿರ ಅಲ್ಲಾಡಿಸಿ ಭುಜ ತಟ್ಟುತ್ತೇನೆ, ಆಗ ಹೇಳಬೇಕು. ಎಷ್ಟು ನ್ಯಾಯವಾದ ಪರೀಕ್ಷೆ ನೋಡಿ.

ಆರಕ್ಕೂ ಅಜ್ಜಿ ‘ಆಗಿಲ್ಲ’ ಅಂದರು. ಅರ್ಧ ಸರಿ, ಅರ್ಧ ತಪ್ಪು. ನಾಣ್ಯ ಚಿಮ್ಮಿದ್ದರೂ ಅಷ್ಟು ಸಿಗುತ್ತಿತ್ತು. ಮಂಜನ ಕಡೆ ನೋಡಿ ಹುಬ್ಬು ಹಾರಿಸಿದೆ. ಅವನು ನಗಲಿಲ್ಲ. ಯಾಕೆಂದರೆ ಕೊನೆಯ ಕಾಯಿ ನಮಗೆಲ್ಲ ಕೇಳುವಷ್ಟು ಜೋರಾಗಿ ಲೊಟಗುಟ್ಟಿತ್ತು.

“ಅತ್ತೆ, ಇಷ್ಟು ಸದ್ದು ಕೇಳಲ್ವಾ?” ಎಂದರು ಬಾಗಿಲಲ್ಲಿದ್ದ ಸುಧಕ್ಕ. ಅಜ್ಜಿ ಕಣ್ಣು ಮುಚ್ಚಿಕೊಂಡು ಹಾಗೇ ಕೂತಿದ್ದರು, ಮುಂದಿನ ಕಾಯಿಗೆ ಕಾಯುತ್ತ. ಸುಧಕ್ಕ ಇನ್ನೂ ಜೋರಾಗಿ ಕರೆದರು. ಅಜ್ಜಿಯ ಮುಖ ಅಲುಗಲಿಲ್ಲ.

ಇಷ್ಟು ದಿನ ಓಗೊಡದಿದ್ದದ್ದು ಯಾಕೆಂದು ಸೊಸೆಗೆ ಆಗ ಗೊತ್ತಾಯಿತು. ಬಂದು ಪಕ್ಕ ಕೂತು, ಭುಜ ಹಿಡಿದು, ಅಜ್ಜಿ ಕಣ್ಣು ಬಿಟ್ಟ ಮೇಲೆ ಮುಖಕ್ಕೆ ಮುಖ ಕೊಟ್ಟು ಹೇಳಿದರು: “ಬುಡಿ ಅತ್ತೆ, ಇನ್ಮೇಲೆ ಕಾಯಿ ನಾನು ನೋಡ್ಕತೀನಿ. ನೀವು ಆರಾಮಾಗಿರಿ.”

ಅಷ್ಟು ಪ್ರೀತಿಯಿಂದ ಯಾರನ್ನಾದರೂ ಕೆಲಸದಿಂದ ತೆಗೆದದ್ದನ್ನು ನಾನು ನೋಡಿಲ್ಲ. ಅಜ್ಜಿ ಖಾಲಿ ಕೈಗಳನ್ನು ಸೆರಗಿಗೆ ಒರೆಸಿಕೊಂಡರು. ಸುಧಕ್ಕ ನಮಗೆ ಮುದ್ದೆ, ಸೊಪ್ಪಿನ ಸಾರು ಬಡಿಸಿದರು. ನಾನು ಮುದ್ದೆ ಮುರಿಯುತ್ತಲೇ ಕೂತೆ.

ಹೊರಡುವಾಗ ಅಜ್ಜಿ ಬಲಗಡೆಯ ರಾಶಿಯಿಂದ ಒಂದು ಕಾಯಿ ಎತ್ತಿದರು. ಈ ಸಲ ಕಿವಿಗೆ ಹಿಡಿಯಲಿಲ್ಲ, ಕೈಯಲ್ಲೇ ಒಮ್ಮೆ ಅಲ್ಲಾಡಿಸಿ ನನಗೆ ಕೊಟ್ಟರು. “ಯುಗಾದಿ ಕಳೀಲಿ, ಆಮೇಲೆ ಒಡ್ಕೊ.”

ಅದು ನಮ್ಮ ಮನೆಯ ಬೀರುವಿನ ಮೇಲೆ ಕೂತಿತ್ತು. ಆಗಾಗ ಕಿವಿಗೆ ಹಿಡಿಯುತ್ತಿದ್ದೆ, ಸದ್ದಿಲ್ಲ. ಯುಗಾದಿಯಾದ ನಾಲ್ಕನೇ ದಿನ ಧೂಳು ಒರೆಸಲು ಎತ್ತಿಕೊಂಡೆ. ಕೆಳಗೆ ರಸ್ತೆಯಲ್ಲಿ ಯಾವುದೋ ಮೆರವಣಿಗೆಯ ತಮಟೆ, ಏನೂ ಕೇಳುವ ಹಾಗಿರಲಿಲ್ಲ. ಆದರೂ ಗೊತ್ತಾಯಿತು. ಮುಚ್ಚಿದ ಬಾಗಿಲನ್ನು ಒಳಗಿನಿಂದ ಯಾರೋ ತಟ್ಟಿದ ಹಾಗೆ, ಉಂಡೆ ಬಂದು ಅಂಗೈಗೆ ಬಡಿಯಿತು.

ಪ್ರತ್ಯಕ್ಷ ಪ್ರಮಾಣವೆಂದರೆ ಇಂದ್ರಿಯಗಳಿಂದ ಬಂದ ಅರಿವು ಎಂದು ನಮ್ಮ ತರ್ಕಶಾಸ್ತ್ರದವರು ಎಂದೋ ಹೇಳಿದ್ದಾರೆ. ಭಾಷಣಗಳಲ್ಲಿ ಅದನ್ನು ಎಷ್ಟೋ ಸಲ ಬಳಸಿದ್ದೇನೆ. ಆ ಇಂದ್ರಿಯಗಳಲ್ಲಿ ಚರ್ಮವೂ ಒಂದು ಎಂಬುದು ಜಗಲಿಯ ಮೇಲೆ ನೆನಪಾಗಲಿಲ್ಲ. ಅಜ್ಜಿ ಎಷ್ಟು ವರ್ಷದಿಂದ ಕೈಯಿಂದ ಕೇಳುತ್ತಿದ್ದರೋ. ಕಿವಿಗೆ ಹಿಡಿಯುತ್ತಿದ್ದದ್ದು ಮನೆಯವರ ಸಮಾಧಾನಕ್ಕಿರಬೇಕು. ನಾನು ಹೋಗಿ ಕಾಯನ್ನು ಕಿತ್ತುಕೊಂಡು, ಕಿವಿಗೆ ಪರೀಕ್ಷೆ ಕೊಟ್ಟು, ಕೈಯನ್ನು ಫೇಲು ಮಾಡಿ ಬಂದಿದ್ದೆ.

ಮಂಜನಿಗೆ ಫೋನ್ ಮಾಡಿದೆ. “ನಂಗೇನ್ ಹೇಳ್ತೀಯ, ಸುಧಕ್ಕಂಗೆ ಹೇಳು ಹೋಗು” ಎಂದ. ಇಷ್ಟು ತಿಂಗಳ ಕಾಯಿ ಅಜ್ಜಿಯ ಕೈಗೆ ಬಾರದೆಯೇ ಒಡೆದುಹೋಗಿವೆ. ಭಾನುವಾರ ಗುಬ್ಬಿಗೆ ಹೊರಟಿದ್ದೇನೆ, ಒಡೆಯದ ಕಾಯನ್ನೇ ಸಾಕ್ಷಿಗೆ ಹಿಡಿದುಕೊಂಡು. ಈ ಸಲವೂ ಒಂದು ಪರೀಕ್ಷೆಯಿದೆ. ಸುಧಕ್ಕ ಕಿವಿ ಮುಚ್ಚಿಕೊಳ್ಳಬೇಕು, ನಾನು ಬಾಯಿ. ಕಾಯಿ ಮಾತ್ರ ಅಜ್ಜಿಯ ಕೈಯಲ್ಲಿ.